ಸಿ.ಟಿ.ಯಲ್ಲಿ 18, ಎಂಡೋಸ್ಕೋಪಿಯಲ್ಲಿ 4: ಮೂಗಿನ ದುರ್ಮಾಂಸ ಎಷ್ಟು ತೀವ್ರ ಎಂದು ಅಳೆಯುವುದು ಹೇಗೆ?

ಪ್ರಶ್ನೆ: ವಯಸ್ಸು 41, ಊರು ಹುಬ್ಬಳ್ಳಿ. 2021ರಲ್ಲಿ ಮೂಗಿನ ಎರಡೂ ಬದಿಯ ದುರ್ಮಾಂಸಕ್ಕೆ ಎಂಡೋಸ್ಕೋಪ್ ಆಪರೇಷನ್ ಆಗಿತ್ತು. ಒಂದೂವರೆ ವರ್ಷ ಚೆನ್ನಾಗಿದ್ದೆ, ಈಗ ಮತ್ತೆ ಬೆಳೆದಿದೆ. ವಾಸನೆ ಪೂರ್ತಿ ಹೋಗಿದೆ. ಆಸ್ತಮಾಕ್ಕೆ ದಿನವೂ ಇನ್ಹೇಲರ್ ಬಳಸುತ್ತೇನೆ. ಕಳೆದ ಒಂದು ವರ್ಷದಲ್ಲಿ ಮೂರು ಸಲ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಟ್ಟರು (ಪ್ರತಿ ಸಲ 30 ಮಿ.ಗ್ರಾಂ., 10 ದಿನ). ಮಾತ್ರೆ ತಗೊಂಡಾಗ ವಾಸನೆ ಬರುತ್ತದೆ, ಮೂರು ವಾರದಲ್ಲಿ ಮತ್ತೆ ಹೋಗುತ್ತದೆ. ಸಿ.ಟಿ. ವರದಿಯಲ್ಲಿ ಲುಂಡ್-ಮೆಕೇ ಅಂಕ 18 ಇದೆ, 'ತೀವ್ರ, ಇನ್ನೊಂದು ಆಪರೇಷನ್ ಬೇಕು' ಎಂದರು ಒಬ್ಬ ವೈದ್ಯರು. ಎಂಡೋಸ್ಕೋಪಿ ಮಾಡಿದ ಇನ್ನೊಬ್ಬರು 'ಎರಡೂ ಕಡೆ ಗ್ರೇಡ್ 2, ಮಧ್ಯಮ, ಸ್ಪ್ರೇ ಸಾಕು' ಎಂದರು. ಮಾತ್ರೆ ಮುಗಿದ ಮೂರನೇ ದಿನ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) 90 ಬಂದಿದೆ, ಅಂದರೆ ಅಲರ್ಜಿ ಇಲ್ಲವಂತೆ. ಯಾರ ಮಾತು ನಂಬಲಿ?

ಉತ್ತರ: ಇಬ್ಬರೂ ತಾವು ನೋಡಿದ್ದನ್ನು ಸರಿಯಾಗಿಯೇ ಹೇಳಿದ್ದಾರೆ. ಒಬ್ಬರು ಸೈನಸ್ ಗೂಡುಗಳು ಎಷ್ಟು ತುಂಬಿವೆ ಎಂದು ನೋಡಿದರು, ಇನ್ನೊಬ್ಬರು ಗಡ್ಡೆ ಮೂಗಿನಲ್ಲಿ ಎಷ್ಟು ಕೆಳಗೆ ಇಳಿದಿದೆ ಎಂದು ನೋಡಿದರು. ಇವೆರಡೂ ಬೇರೆ ಬೇರೆ ಅಳತೆಗಳು. ನೀವು ಬರೆದಿರುವುದನ್ನೆಲ್ಲ ಒಟ್ಟಿಗಿಟ್ಟು ಓದಿದರೆ ನಿಮ್ಮ ಕಾಯಿಲೆ ತೀವ್ರವಾದದ್ದು, ಹತೋಟಿ ತಪ್ಪಿರುವುದು. ಹಾಗೆನ್ನಲು ಕಾರಣ ಸಿ.ಟಿ.ಯ 18 ಅಲ್ಲ. ಹೋದ ವಾಸನೆ, ಆಸ್ತಮಾ, ಆಪರೇಷನ್ ಆದ ಮೇಲೂ ಮರಳಿದ ಗಡ್ಡೆ, ವರ್ಷಕ್ಕೆ ಮೂರು ಸಲ ನುಂಗಿದ ಮಾತ್ರೆ, ಈ ನಾಲ್ಕು ಕಾರಣ.

ಮೊದಲು ಸಿ.ಟಿ. ಅಂಕದ ಲೆಕ್ಕ ನೋಡೋಣ, ಎಲ್ಲರೂ ಹೆದರುವುದು ಅದಕ್ಕೇ. ಪ್ರತಿ ಬದಿಯಲ್ಲಿ ಐದು ಗೂಡು: ಕೆನ್ನೆಯ ಮ್ಯಾಕ್ಸಿಲರಿ, ಎರಡು ಕಣ್ಣುಗಳ ನಡುವಿನ ಎತ್ಮಾಯ್ಡ್‌ನ ಮುಂಭಾಗ ಮತ್ತು ಹಿಂಭಾಗ, ಹಣೆಯ ಫ್ರಾಂಟಲ್, ಆಳದಲ್ಲಿರುವ ಸ್ಫೀನಾಯ್ಡ್. ಗೂಡು ಖಾಲಿ ಇದ್ದರೆ 0, ಸ್ವಲ್ಪ ತುಂಬಿದ್ದರೆ 1, ಪೂರ್ತಿ ತುಂಬಿದ್ದರೆ 2. ಇವುಗಳ ಜೊತೆಗೆ ಗೂಡುಗಳು ಬರಿದಾಗುವ ಕಿರಿದಾದ ದಾರಿ, ಆಸ್ಟಿಯೋಮಿಯೇಟಲ್ ಕಾಂಪ್ಲೆಕ್ಸ್. ಅದು ತೆರೆದಿದ್ದರೆ 0, ಮುಚ್ಚಿದ್ದರೆ 2, ನಡುವೆ 1 ಎಂಬುದಿಲ್ಲ. ಒಂದು ಬದಿಗೆ ಗರಿಷ್ಠ 12, ಎರಡೂ ಸೇರಿ 24. ನಿಮ್ಮ 18 ಬರಬಹುದಾದ ಒಂದು ಬಗೆ ಹೀಗೆ: ಮ್ಯಾಕ್ಸಿಲರಿ 3, ಮುಂದಿನ ಎತ್ಮಾಯ್ಡ್ 4, ಹಿಂದಿನದು 3, ಸ್ಫೀನಾಯ್ಡ್ 2, ಫ್ರಾಂಟಲ್ 2, ದಾರಿ 4.

ಈ ಲೆಕ್ಕದಲ್ಲಿ ಎರಡು ದೋಷಗಳಿವೆ. ಗೂಡು ಹತ್ತರಲ್ಲಿ ಒಂದು ಪಾಲು ತುಂಬಿದ್ದರೂ 1, ಒಂಬತ್ತು ಪಾಲು ತುಂಬಿದ್ದರೂ 1. ಎರಡನೆಯದು ನಿಮಗೆ ನೇರವಾಗಿ ಅನ್ವಯಿಸುತ್ತದೆ. ಆಪರೇಷನ್‌ನಲ್ಲಿ ಆ ಕಿರಿದಾದ ದಾರಿಯ ಮುಂದಿನ ಮೂಳೆಯ ತೆಳುಪದರ ತೆಗೆದಿದ್ದರೆ ಆ ರಚನೆಯೇ ಅಲ್ಲಿಲ್ಲ, ಅದಕ್ಕೆ ಕೊಟ್ಟ 4 ಅಂಕಕ್ಕೆ ಅರ್ಥವೂ ಇಲ್ಲ. ಆಗ 18 ಎಂಬುದು 14ಕ್ಕೆ ಇಳಿಯುತ್ತದೆ. ಸಿ.ಟಿ. ತೆಗೆದ ದಿನ ನೆಗಡಿ ಜ್ವರ ಇತ್ತೇ ಎಂಬುದನ್ನೂ ನೋಡಬೇಕು. ಸಾಧಾರಣ ನೆಗಡಿಯಲ್ಲೂ ಗೂಡುಗಳು ತುಂಬಿ ಅಂಕ ಏರುತ್ತದೆ, ಸ್ಟೀರಾಯ್ಡ್ ಮಾತ್ರೆಯ ಬೆನ್ನಿಗೇ ತೆಗೆದರೆ ಇಳಿಯುತ್ತದೆ. ಮೂಗಿನ ತೊಂದರೆಯೇ ಇಲ್ಲದವರ ಸಿ.ಟಿ.ಯಲ್ಲಿ 4 ಅಥವಾ 5 ಅಂಕ ಬರುವುದು ಸಾಮಾನ್ಯ. ಎಲ್ಲಕ್ಕಿಂತ ಮುಖ್ಯವಾದದ್ದು, ಸಿ.ಟಿ. ಅಂಕಕ್ಕೂ ರೋಗಿ ಅನುಭವಿಸುವ ತೊಂದರೆಗೂ ಇರುವ ನಂಟು ಬಹಳ ಸಡಿಲ. 20 ಅಂಕದವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ, 9 ಅಂಕದವರು ರಾತ್ರಿಯಿಡೀ ಬಾಯಲ್ಲಿ ಉಸಿರಾಡುತ್ತ ಹೊರಳುತ್ತಾರೆ. ಹಾಗಾದರೆ ಸಿ.ಟಿ. ಯಾಕೆ ಬೇಕು? ಆಪರೇಷನ್ ಮಾಡುವವರಿಗೆ ಅದು ದಾರಿಯ ನಕ್ಷೆ. ಮೆದುಳಿನ ತಳದ ಮೂಳೆ ಎಷ್ಟು ಇಳಿದಿದೆ, ಕಣ್ಣಿನ ಗೋಡೆ ಎಲ್ಲಿ ತೆಳುವಾಗಿದೆ, ಹಿಂದಿನ ಆಪರೇಷನ್‌ನಲ್ಲಿ ಯಾವ ಗೂಡು ತೆರೆಯದೆ ಉಳಿದಿದೆ, ಇದೆಲ್ಲ ತಿಳಿಯುವುದು ಅಲ್ಲೇ.

ಎಂಡೋಸ್ಕೋಪಿಯ ಗ್ರೇಡ್ ಎಂದರೆ ಗಡ್ಡೆ ಎಲ್ಲಿಯವರೆಗೆ ಇಳಿದಿದೆ ಎಂಬುದು. ಮೂಗಿನ ಹೊರಗೋಡೆಯಿಂದ ಸುರುಳಿಯಂತೆ ಚಾಚಿರುವ ಮೂಳೆಯ ಮಡಿಕೆಗಳಿಗೆ ಟರ್ಬಿನೇಟ್ ಎನ್ನುತ್ತಾರೆ. ಗಡ್ಡೆ ನಡುವಿನ ಟರ್ಬಿನೇಟ್‌ನ ಸಂದಿಯಲ್ಲೇ ಇದ್ದರೆ 1, ಅದರ ಕೆಳ ಅಂಚು ದಾಟಿದರೆ 2, ಕೆಳಗಿನ ಟರ್ಬಿನೇಟ್‌ನ ಕೆಳ ಅಂಚಿನವರೆಗೆ ಬಂದರೆ ಅಥವಾ ನಡುವಿನ ಟರ್ಬಿನೇಟ್‌ನ ಒಳಬದಿಗೆ ಬೆಳೆದರೆ 3, ಮೂಗಿನ ತಳದ ದಾರಿಯನ್ನೇ ಮುಚ್ಚಿದರೆ 4. ಎರಡೂ ಬದಿ ಕೂಡಿದರೆ ಗರಿಷ್ಠ 8, ನಿಮ್ಮದು 4. ಗಾಳಿ ಹೋಗುವ ದಾರಿ ಅರ್ಧ ತೆರೆದಿದೆ ಎನ್ನುವ ಮಟ್ಟಿಗೆ 'ಮಧ್ಯಮ' ಸರಿ. ಆದರೆ ವಾಸನೆ ಹಿಡಿಯುವ ಪೊರೆ ಇರುವುದು ಮೂಗಿನ ಮಾಳಿಗೆಯಲ್ಲಿ, ಎರಡು ಕಣ್ಣುಗಳ ಮಟ್ಟದ ಸಣ್ಣ ಸೀಳಿನಲ್ಲಿ. ಅಲ್ಲಿ ಊತ ಇದ್ದರೆ, ಕೆಳಗೆ ಗಡ್ಡೆ ಕಡಿಮೆ ಇದ್ದರೂ ವಾಸನೆ ಪೂರ್ತಿ ಹೋಗುತ್ತದೆ. ಎಂಡೋಸ್ಕೋಪಿ ಮಾಡುವವರಿಗೆ 'ಮೇಲಿನ ಸೀಳು ಹೇಗಿದೆ?' ಎಂದು ಕೇಳಿ, ವರದಿಯಲ್ಲಿ ಬರೆಸಿಕೊಳ್ಳಿ. ಒಂದು ಮಾತು ಇಲ್ಲೇ ಹೇಳಬೇಕು. ಕನ್ನಡಿಯಲ್ಲಿ ಮೂಗಿನೊಳಗೆ ಕಾಣುವ ಕೆಂಪು ಉಬ್ಬನ್ನು ದುರ್ಮಾಂಸ ಎಂದು ಗಾಬರಿಯಾಗುವವರು ಬಹಳ. ಅದು ಹೆಚ್ಚಾಗಿ ಕೆಳಗಿನ ಟರ್ಬಿನೇಟ್, ಎಲ್ಲರ ಮೂಗಿನಲ್ಲೂ ಇರುವಂಥದ್ದು, ಮುಟ್ಟಿದರೆ ನೋಯುತ್ತದೆ. ನಿಜವಾದ ದುರ್ಮಾಂಸ ಬೆಳ್ಳಗೆ, ಸಿಪ್ಪೆ ತೆಗೆದ ದ್ರಾಕ್ಷಿಯಂತೆ ಇರುತ್ತದೆ, ಮುಟ್ಟಿದರೆ ನೋವಾಗುವುದಿಲ್ಲ.

ಇನ್ನು ನಿಮ್ಮ ತೊಂದರೆಯ ಅಳತೆ. ಇದನ್ನು ಇಬ್ಬರೂ ಮಾಡಿದಂತೆ ಕಾಣುವುದಿಲ್ಲ. ಅತಿ ಸರಳವಾದದ್ದು 10 ಸೆಂ.ಮೀ. ಗೆರೆ: ಎಡತುದಿ 'ತೊಂದರೆಯೇ ಇಲ್ಲ', ಬಲತುದಿ 'ಊಹಿಸಬಹುದಾದ ಅತಿ ಕೆಟ್ಟದ್ದು', ನಿಮಗೆ ಅನ್ನಿಸಿದಲ್ಲಿ ಒಂದು ಗುರುತು. 3ರವರೆಗೆ ಸೌಮ್ಯ, 7ರವರೆಗೆ ಮಧ್ಯಮ, ಅದಕ್ಕೂ ಮೇಲೆ ತೀವ್ರ. 5 ದಾಟಿದರೆ ಬದುಕಿನ ಗುಣಮಟ್ಟಕ್ಕೆ ಪೆಟ್ಟು ಬೀಳುತ್ತಿದೆ ಎಂದರ್ಥ. ಇನ್ನೂ ವಿವರ ಬೇಕಾದರೆ ಸ್ನಾಟ್-22 ಎಂಬ ಪ್ರಶ್ನಾವಳಿ ಇದೆ. ಮೂಗು ಕಟ್ಟುವುದು, ಗಂಟಲಿಗೆ ಇಳಿಯುವ ಸಿಂಬಳ, ಕಿವಿ ತುಂಬಿದಂತಾಗುವುದು, ಮುಖದ ಒತ್ತಡ, ನಿದ್ದೆ, ಸುಸ್ತು, ಗಮನ ಕೊಡಲಾಗದಿರುವುದು, ಬೇಸರ, ಮುಜುಗರ ಹೀಗೆ 22 ಸಂಗತಿಗಳು. ಕಳೆದ ಎರಡು ವಾರಗಳನ್ನು ನೆನೆದು ಪ್ರತಿಯೊಂದಕ್ಕೆ 0ರಿಂದ 5 ಅಂಕ ಕೊಡಬೇಕು, ಒಟ್ಟು 110. 8ರಿಂದ 20 ಸೌಮ್ಯ, 21ರಿಂದ 50 ಮಧ್ಯಮ, 50 ದಾಟಿದರೆ ತೀವ್ರ. ಚಿಕಿತ್ಸೆಯ ನಂತರ ಅಂಕ ಸುಮಾರು 9ರಷ್ಟಾದರೂ ಇಳಿದರೆ ಮಾತ್ರ ರೋಗಿಗೆ ಅರಿವಾಗುವಷ್ಟು ಸುಧಾರಣೆ. 52 ಇದ್ದದ್ದು 48 ಆದರೆ ಅದನ್ನು ಗುಣ ಎಂದು ಲೆಕ್ಕಿಸಬೇಡಿ.

ಈ ಪ್ರಶ್ನಾವಳಿಯಲ್ಲಿ ದುರ್ಮಾಂಸದ ರೋಗಿಗಳಿಗೆ ಅನ್ಯಾಯ ಆಗುವ ಒಂದು ಜಾಗ ಇದೆ. 22ರಲ್ಲಿ ವಾಸನೆ-ರುಚಿಗೆ ಇರುವುದು ಒಂದೇ ಪ್ರಶ್ನೆ. ವಾಸನೆ ಪೂರ್ತಿ ಸತ್ತಿದ್ದು ಬೇರೇನೂ ತೊಂದರೆ ಇಲ್ಲದವರಿಗೆ ಒಟ್ಟು ಅಂಕ 5, ಅಂದರೆ ಆರೋಗ್ಯವಂತರ ಮಟ್ಟ! ಗ್ಯಾಸ್ ಸೋರಿದ್ದು ತಿಳಿಯದ, ಹಳಸಿದ ಸಾರು ತಿಳಿಯದ, ಒಗ್ಗರಣೆಯ ಘಮವೇ ಇಲ್ಲದೆ ಊಟ ಮಾಡುವ ವ್ಯಕ್ತಿಗೆ 'ಸೌಮ್ಯ' ಎಂದು ಬರೆದು ಕಳಿಸುವುದು ತಪ್ಪು. ಆದ್ದರಿಂದ ವಾಸನೆಯನ್ನು ಬೇರೆಯಾಗಿಯೇ ಅಳೆಯಬೇಕು. ಸಜ್ಜಾದ ಕೇಂದ್ರಗಳಲ್ಲಿ 40 ವಾಸನೆಗಳ ಕೆರೆದು ಮೂಸುವ ಪುಸ್ತಕ ಅಥವಾ 48 ಅಂಕದ ವಾಸನೆ ಪೆನ್ನುಗಳ ಪರೀಕ್ಷೆ ಇರುತ್ತದೆ. ಪೆನ್ನಿನ ಪರೀಕ್ಷೆಯಲ್ಲಿ 16 ಅಥವಾ ಕಡಿಮೆ ಬಂದರೆ ವಾಸನೆ ಇಲ್ಲವೆಂದೇ ಅರ್ಥ. ಆ ಸೌಲಭ್ಯ ಸಿಗದಿದ್ದರೆ ಮನೆಯಲ್ಲಿ ಒಂದು ಅಂದಾಜು ಮಾಡಬಹುದು. ಕಣ್ಣು ಮುಚ್ಚಿ, ಒಂದು ಹೊಳ್ಳೆ ಒತ್ತಿಹಿಡಿದು, ಕಾಫಿ ಪುಡಿ, ಇಂಗು, ಹುರಿದ ಜೀರಿಗೆ, ಗುಲಾಬಿ ಇವನ್ನು ಬೇರೆಯವರು ಮೂಗಿನ ಬಳಿ ಹಿಡಿಯಲಿ. ವಾಸನೆ ಬಂತೇ ಎಂಬುದು ಒಂದು, ಯಾವುದೆಂದು ಗುರುತಾಯಿತೇ ಎಂಬುದು ಇನ್ನೊಂದು, ಎರಡನ್ನೂ ಬರೆದಿಡಿ. ಕರ್ಪೂರ, ಮೆಂಥಾಲ್, ನೋವಿನ ಬಾಮ್ ಬೇಡ. ಅವುಗಳ ಚುರುಕನ್ನು ಮುಖದ ಸ್ಪರ್ಶನರ ಹಿಡಿಯುತ್ತದೆ, ವಾಸನೆಯ ನರ ಅಲ್ಲ. ವಾಸನೆ ಪೂರ್ತಿ ಹೋದವರೂ ಬಾಮ್ 'ಗೊತ್ತಾಗುತ್ತದೆ' ಎನ್ನುವುದು ಇದಕ್ಕೇ. ನಾಲಿಗೆಯ ಮೇಲೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿದು ಮಿಕ್ಕೆಲ್ಲ ಸಪ್ಪೆ ಅನ್ನಿಸಿದರೆ ಕೆಟ್ಟಿರುವುದು ಮೂಗು, ನಾಲಿಗೆಯಲ್ಲ. ನಿಮಗೆ ಮಾತ್ರೆ ತಗೊಂಡಾಗ ವಾಸನೆ ಮರಳುತ್ತದೆ ಎಂಬುದು ಒಳ್ಳೆಯ ಸೂಚನೆ, ನರ ಬದುಕಿದೆ, ಊತ ಅದನ್ನು ಮುಚ್ಚಿದೆ.

ಮುಖನೋವಿನ ಬಗ್ಗೆಯೂ ಒಂದು ಮಾತು. ದುರ್ಮಾಂಸದ ಕಾಯಿಲೆಯಲ್ಲಿ ಮೂಗು ಕಟ್ಟುವುದು, ವಾಸನೆ ಹೋಗುವುದು ಮುಂದೆ, ನೋವು ಹಿಂದೆ. ಮೂಗು ತೆರೆದಿದ್ದು ತಲೆ-ಮುಖದ ನೋವೊಂದೇ ದೊಡ್ಡದಾಗಿದ್ದರೆ ಮೈಗ್ರೇನ್ ಕಡೆ ನೋಡಬೇಕು. ಆ ನೋವಿಗೆಂದು ಸೈನಸ್ ಆಪರೇಷನ್ ಮಾಡಿಸಿಕೊಂಡವರಿಗೆ ನೋವು ಹಾಗೇ ಉಳಿಯುವುದುಂಟು.

ಈಗ ನಿಮ್ಮ ರಕ್ತಪರೀಕ್ಷೆಗೆ ಬರೋಣ. 90 ಎಂಬ ಅಂಕಿಯನ್ನು ಬದಿಗಿಡಿ. ಪ್ರೆಡ್ನಿಸೊಲೋನ್ ರಕ್ತದ ಇಯೊಸಿನೊಫಿಲ್‌ಗಳನ್ನು ಗಂಟೆಗಳಲ್ಲಿ ಅಡಗಿಸಿಬಿಡುತ್ತದೆ. ಮಾತ್ರೆ ಮುಗಿದ ಮೂರನೇ ದಿನ ಕಂಡದ್ದು ಮಾತ್ರೆಯ ಪರಿಣಾಮ, ಕಾಯಿಲೆಯ ಸ್ವಭಾವವಲ್ಲ. ಕನಿಷ್ಠ ನಾಲ್ಕು ವಾರ ಸ್ಟೀರಾಯ್ಡ್ ಮಾತ್ರೆ ಇಲ್ಲದೆ ಮತ್ತೆ ಮಾಡಿಸಿ. 2021ರ ಆಪರೇಷನ್‌ಗೆ ಮುಂಚಿನ ರಕ್ತದ ವರದಿ ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಅದರಲ್ಲಿ ಶೇಕಡಾವಾರು ಮಾತ್ರ ಇದ್ದರೆ ಲೆಕ್ಕ ಸುಲಭ: ಒಟ್ಟು ಬಿಳಿ ರಕ್ತಕಣ 8,000, ಇಯೊಸಿನೊಫಿಲ್ ಶೇ. 8 ಎಂದಿದ್ದರೆ ಪ್ರತಿ ಮೈಕ್ರೋಲೀಟರ್‌ಗೆ 640. ಯುರೋಪಿನ ತಜ್ಞರ ಮಾರ್ಗಸೂಚಿ (ಎಪೋಸ್) 2020ರಲ್ಲಿ 250ನ್ನು ಗೆರೆಯಾಗಿಟ್ಟಿತ್ತು, 2023ರಲ್ಲಿ ಅದು 150ಕ್ಕೆ ಇಳಿಯಿತು. ಆ ಗೆರೆ ದಾಟಿದರೆ ಇದು 'ಟೈಪ್ 2' ಉರಿಯೂತ, ಮತ್ತೆ ಮತ್ತೆ ಬೆಳೆಯುವ, ಆಸ್ತಮಾದ ಜೊತೆಗೆ ಬರುವ ಬಗೆ. ರಕ್ತದಲ್ಲಿ ಅಲರ್ಜಿಯ ಪ್ರತಿಕಾಯ ಒಟ್ಟು ಐ.ಜಿ.ಇ. 100 ಅಥವಾ ಹೆಚ್ಚಿರುವುದನ್ನೂ ಸಾಕ್ಷಿ ಎನ್ನುತ್ತಾರೆ. ನಮ್ಮಲ್ಲಿ ಹೊಟ್ಟೆಹುಳದಿಂದಲೂ ಇವೆರಡೂ ಏರುತ್ತವೆ, ಆದ್ದರಿಂದ ನಾನು ಹೆಚ್ಚು ನಂಬುವುದು ಅಂಗಾಂಶವನ್ನು. ತೆಗೆದ ಗಡ್ಡೆಯ ಬಯಾಪ್ಸಿಯಲ್ಲಿ ಸೂಕ್ಷ್ಮದರ್ಶಕದ ದೊಡ್ಡ ವರ್ಧನೆಯ ಒಂದು ಕ್ಷೇತ್ರಕ್ಕೆ 10 ಅಥವಾ ಹೆಚ್ಚು ಇಯೊಸಿನೊಫಿಲ್ ಇದ್ದರೆ ಟೈಪ್ 2. ಹಳೆಯ ವರದಿಯಲ್ಲಿ 'ಇನ್‌ಫ್ಲಮೇಟರಿ ಪಾಲಿಪ್' ಎಂದಷ್ಟೇ ಬರೆದಿರುವುದು ಸಾಮಾನ್ಯ. ಆಸ್ಪತ್ರೆಯಲ್ಲಿ ಗಡ್ಡೆಯ ಚೂರನ್ನು ಮೇಣದಲ್ಲಿ ಕಾದಿಟ್ಟ ಬ್ಲಾಕ್ ಉಳಿದಿದ್ದರೆ ಮತ್ತೆ ಎಣಿಸಿಕೊಡಿ ಎಂದು ಕೇಳಬಹುದು. ಆಪರೇಷನ್‌ನಲ್ಲಿ ಬೆಣ್ಣೆಯಂಥ ಗಟ್ಟಿ ಕಂದು ಲೋಳೆ ಸಿಕ್ಕಿತ್ತೇ, ಫಂಗಸ್ ಪರೀಕ್ಷೆ ಮಾಡಿದ್ದರೇ ಎಂದೂ ಕೇಳಿ. ಅಲರ್ಜಿಕ್ ಫಂಗಲ್ ಸೈನಸೈಟಿಸ್ ಭಾರತದಲ್ಲಿ ವಿರಳವಲ್ಲ. ಅದು ಎಷ್ಟೋ ಸಲ ಒಂದೇ ಬದಿ ಹಿಡಿದು ಮೂಳೆಯನ್ನು ಹಿಗ್ಗಿಸುತ್ತದೆ. ಆಗ ಲುಂಡ್-ಮೆಕೇ ಅಂಕ 12 ದಾಟುವುದೇ ಇಲ್ಲ, ಕಾಯಿಲೆ ಮಾತ್ರ ಕಣ್ಣಿನ ಗೋಡೆಗೆ ತಾಗಿರುತ್ತದೆ.

ಮಾತ್ರೆಯ ಲೆಕ್ಕವೂ ತೀವ್ರತೆಯ ಅಳತೆಯೇ. ನಿಮ್ಮದು 30 × 10 × 3, ಒಂದು ವರ್ಷಕ್ಕೆ 900 ಮಿ.ಗ್ರಾಂ. ಆಸ್ತಮಾ ರೋಗಿಗಳ ಅಧ್ಯಯನಗಳಲ್ಲಿ ಜೀವಮಾನದ ಮೊತ್ತ 500ರಿಂದ 1,000 ಮಿ.ಗ್ರಾಂ. ತಲುಪುವ ಹೊತ್ತಿಗೇ ಸಕ್ಕರೆ ಕಾಯಿಲೆ, ಮೂಳೆ ಸವೆತ, ಕಣ್ಣಿನ ಪೊರೆಯ ಅಪಾಯ ಏರುವುದು ಕಂಡಿದೆ. ಬೇರೆ ಹೆಸರಿನ ಮಾತ್ರೆಗಳನ್ನೂ ಸೇರಿಸಿ: ಡಿಫ್ಲಾಜಕಾರ್ಟ್ 6, ಮಿಥೈಲ್ ಪ್ರೆಡ್ನಿಸೊಲೋನ್ 4, ಬೀಟಾಮೆಥಸೋನ್ 0.6 ಮಿ.ಗ್ರಾಂ. ಇವು ಒಂದೊಂದೂ ಪ್ರೆಡ್ನಿಸೊಲೋನ್ 5 ಮಿ.ಗ್ರಾಂ.ಗೆ ಸಮ. ಉಬ್ಬಸಕ್ಕೆಂದು ಕೊಟ್ಟ ಮಾತ್ರೆ, ಸೊಂಟಕ್ಕೆ ಚುಚ್ಚಿದ ಟ್ರಯಾಮ್ಸಿನೊಲೋನ್, ಹೆಸರಿಲ್ಲದ ಪುಡಿ ಪೊಟ್ಟಣ, ಎಲ್ಲವೂ ಈ ಲೆಕ್ಕಕ್ಕೆ ಸೇರಬೇಕು. ಈ ಕಾಯಿಲೆಗೆ ವರ್ಷಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ. ಮೂರನೆಯದು ಬೇಕಾಯಿತೆಂದರೆ ಚಿಕಿತ್ಸೆಯ ದಾರಿ ಬದಲಾಗಬೇಕು.

ಆದರೆ ಒಂದು ಅನುಮಾನ ಪರಿಹಾರವಾಗದೆ ಯಾರೂ ನಿಮ್ಮ ಕಾಯಿಲೆಗೆ 'ಚಿಕಿತ್ಸೆಗೆ ಬಗ್ಗದ್ದು' ಎಂದು ಹೆಸರಿಡಬಾರದು: ಸ್ಪ್ರೇ ನಿಜವಾಗಿ ಸೇರಬೇಕಾದಲ್ಲಿ ಸೇರುತ್ತಿದೆಯೇ? ಮೊಮೆಟಾಸೋನ್ ಎಂಬ ಸ್ಟೀರಾಯ್ಡ್ ಸ್ಪ್ರೇ ಒಂದು ಒತ್ತಿಗೆ 50 ಮೈಕ್ರೋಗ್ರಾಂ. ಅಲರ್ಜಿ ನೆಗಡಿಗೆ ದಿನಕ್ಕೆ 200 ಸಾಕು. ದುರ್ಮಾಂಸಕ್ಕೆ ಸಾಮಾನ್ಯವಾಗಿ ಪ್ರತಿ ಹೊಳ್ಳೆಗೆ ಎರಡೆರಡು ಒತ್ತು, ದಿನಕ್ಕೆ ಎರಡು ಹೊತ್ತು, ಒಟ್ಟು 400. ಹಾಗೆ ಬಳಸಿದರೆ 120 ಒತ್ತಿನ ಬಾಟಲಿ ಹದಿನೈದೇ ದಿನಕ್ಕೆ ಖಾಲಿ. ನಿಮ್ಮ ಬಾಟಲಿ ಎರಡು ತಿಂಗಳು ಬರುತ್ತಿದ್ದರೆ ಕಾಯಿಲೆಗೆ ಬೇಕಾದ ಡೋಸ್ ಬಿದ್ದಿಲ್ಲ. ತಲೆ ಹಿಂದಕ್ಕೆ ಬಾಗಿಸಬೇಡಿ, ಔಷಧಿ ಗಂಟಲಿಗೆ ಇಳಿದುಹೋಗುತ್ತದೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ, ತುದಿ ಅದೇ ಬದಿಯ ಕಣ್ಣಿನ ಹೊರಮೂಲೆಯ ಕಡೆ. ಇದರಿಂದ ನಡುಗೋಡೆಗೆ ಬಿದ್ದು ರಕ್ತ ಬರುವುದೂ ತಪ್ಪುತ್ತದೆ. ಅದಕ್ಕೂ ಮುಂಚೆ ಉಪ್ಪುನೀರಿನಲ್ಲಿ ಮೂಗು ತೊಳೆಯಿರಿ: ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಎರಡೂಕಾಲು (2.25) ಗ್ರಾಂ ಉಪ್ಪು, ಅಂದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ನಲ್ಲಿಯ ನೀರು, ಬಾವಿಯ ನೀರು ಹಾಗೇ ಬಳಸಬಾರದು, ಮೆದುಳಿಗೆ ಹತ್ತುವ ಅಮೀಬಾ ಸೋಂಕು ಮೂಗಿನ ದಾರಿಯಿಂದಲೇ ಹೋಗುವುದು. ಹೀಗೆ ಕನಿಷ್ಠ 8ರಿಂದ 12 ವಾರ ಬಿಡದೆ ಮಾಡಿದ ಮೇಲಿನ ಅಂಕವೇ ನಂಬತಕ್ಕ ಅಂಕ. ಮೂಗು ತಕ್ಷಣ ತೆರೆಯುವ ಝೈಲೋಮೆಟಜೋಲಿನ್ ಅಥವಾ ಆಕ್ಸಿಮೆಟಜೋಲಿನ್ ಹನಿಗಳನ್ನು ವಾರಗಟ್ಟಲೆ ಹಾಕುತ್ತಿದ್ದರೆ ಅದನ್ನೂ ಹೇಳಿ. ಆ ಹನಿಯಿಂದಲೇ ಮೂಗು ಕಟ್ಟುತ್ತದೆ, ಅಂಕ ಕೆಡುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ, ನಾನು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಮೂಗು ಸೋರಿ, ಎದೆ ಕಟ್ಟಿ, ಉಬ್ಬಸ ಬಂದದ್ದುಂಟೇ? ದುರ್ಮಾಂಸ, ಆಸ್ತಮಾ, ನೋವಿನ ಮಾತ್ರೆಗೆ ಹೀಗೆ ತಿರುಗಿಬೀಳುವುದು, ಮೂರೂ ಸೇರಿದರೆ ಗಡ್ಡೆ ಬೇಗ ಮರಳುವ, ಹಟಮಾರಿ ಬಗೆಯ ಕಾಯಿಲೆ. ಉಂಟೆನ್ನುವುದಾದರೆ ಎಲ್ಲ ಚೀಟಿಗಳ ಮೇಲೂ ದೊಡ್ಡದಾಗಿ ಬರೆಸಿ. ಇಲ್ಲ ಎಂದಾದರೆ 'ನೋಡೋಣ' ಎಂದು ಮನೆಯಲ್ಲಿ ನುಂಗಿ ಪರೀಕ್ಷಿಸಬೇಡಿ, ಜೀವಕ್ಕೆ ಅಪಾಯ.

ಈಗ ಇವನ್ನೆಲ್ಲ ಎಪೋಸ್ ಹೇಳುವ ಐದು ಒರೆಗಲ್ಲಿಗೆ ಹಚ್ಚಿ ನೋಡಿ. ಆಪರೇಷನ್ ಆದ ಮೇಲೂ ಎರಡೂ ಬದಿ ದುರ್ಮಾಂಸ ಇರುವವರಲ್ಲಿ ಟೈಪ್ 2 ಸಾಕ್ಷಿ, ವರ್ಷಕ್ಕೆ ಎರಡು ಅಥವಾ ಹೆಚ್ಚು ಸಲ ಸ್ಟೀರಾಯ್ಡ್ ಮಾತ್ರೆ, ಸ್ನಾಟ್-22ರಲ್ಲಿ 40 ಅಥವಾ ಹೆಚ್ಚು, ಪರೀಕ್ಷೆಯಲ್ಲಿ ಸಾಬೀತಾದ ವಾಸನೆ ನಷ್ಟ, ದಿನವೂ ಇನ್ಹೇಲರ್ ಬೇಕಾದ ಆಸ್ತಮಾ, ಇವುಗಳಲ್ಲಿ ಮೂರು ಇದ್ದರೆ ಡುಪಿಲುಮ್ಯಾಬ್, ಮೆಪೊಲಿಜುಮ್ಯಾಬ್, ಒಮಾಲಿಜುಮ್ಯಾಬ್‌ನಂಥ ಬಯೊಲಾಜಿಕ್ (ಉರಿಯೂತವನ್ನು ಬೇರಿನಲ್ಲೇ ತಡೆಯುವ ಪ್ರತಿಕಾಯ ಔಷಧಿ) ಚುಚ್ಚುಮದ್ದಿನ ಮಾತು ಬರುತ್ತದೆ. ನಿಮಗೆ ಎರಡು ಈಗಲೇ ಖಚಿತ: ಮಾತ್ರೆ ಮತ್ತು ಆಸ್ತಮಾ. ಉಳಿದ ಮೂರನ್ನು ಇನ್ನೂ ಸರಿಯಾಗಿ ಅಳೆದೇ ಇಲ್ಲ. ಐದರಲ್ಲಿ ಸಿ.ಟಿ. ಅಂಕ ಇಲ್ಲ ಎಂಬುದನ್ನು ಗಮನಿಸಿ.

ಎರಡನೇ ಆಪರೇಷನ್ ಬೇಡ ಎಂದು ನಾನು ಹೇಳುತ್ತಿಲ್ಲ. ಸಿ.ಟಿ. ಫಿಲ್ಮ್ ಮುಂದಿಟ್ಟು ಕೇಳಬೇಕಾದ ಪ್ರಶ್ನೆ ಒಂದೇ: 2021ರಲ್ಲಿ ಎಲ್ಲ ಗೂಡುಗಳನ್ನು ತೆರೆದಿದ್ದರೇ, ಅಥವಾ ಕಣ್ಣಿಗೆ ಕಂಡ ಗಡ್ಡೆಗಳನ್ನಷ್ಟೇ ಕಿತ್ತಿದ್ದರೇ? ಎತ್ಮಾಯ್ಡ್‌ನ ಗೋಡೆಗಳು ಹಾಗೇ ಉಳಿದಿದ್ದರೆ ಸ್ಪ್ರೇ, ತೊಳೆಯುವ ನೀರು ಒಳಗೆ ಮುಟ್ಟಲು ದಾರಿಯೇ ಇಲ್ಲ, ಪೂರ್ತಿ ತೆರೆಯುವ ಆಪರೇಷನ್‌ಗೆ ಅರ್ಥ ಇದೆ. ಎಲ್ಲ ತೆರೆದೂ ಮರಳಿದ್ದರೆ ಮತ್ತೆ ಕೊಯ್ಯುವುದರಿಂದ ಸಿಗುವುದು ಕಡಿಮೆ ಕಾಲದ ನೆಮ್ಮದಿ, ಚುಚ್ಚುಮದ್ದಿನ ಕಡೆ ತಕ್ಕಡಿ ವಾಲುತ್ತದೆ. ಅದು ದುಬಾರಿ, ನಿಲ್ಲಿಸಿದರೆ ಗಡ್ಡೆ ಮರಳುವ ಸಾಧ್ಯತೆಯೂ ಇದೆ. ಆರಂಭಿಸಿದರೆ ಆರನೇ ತಿಂಗಳಿಗೆ ಗಡ್ಡೆಯ ಅಂಕ, ಸ್ನಾಟ್-22, ವಾಸನೆ, ಮಾತ್ರೆಯ ಅಗತ್ಯ, ಆಸ್ತಮಾ ಐದನ್ನೂ ಮತ್ತೆ ಅಳೆದು ಮುಂದುವರಿಸಬೇಕೇ ಎಂದು ನಿರ್ಧರಿಸಬೇಕು. ಅದಕ್ಕಾದರೂ ಇಂದಿನ ಅಂಕಗಳು ಕಾಗದದ ಮೇಲೆ ಇರಬೇಕು.

ಕೊನೆಗೆ, ಯಾವ ಅಂಕಕ್ಕೂ ಕಾಯಬಾರದ ಕೆಲವು ಲಕ್ಷಣಗಳು. ದುರ್ಮಾಂಸ ಒಂದೇ ಬದಿ ಇದ್ದರೆ, ಅದರಿಂದ ರಕ್ತ ಬರುತ್ತಿದ್ದರೆ ಬಯಾಪ್ಸಿ ಬೇಕೇ ಬೇಕು. ನಮ್ಮ ಕಡೆ ಕಾಣುವ ರೈನೊಸ್ಪೊರಿಡಿಯೋಸಿಸ್ ಎಂಬ ಸೋಂಕು ಇರಬಹುದು, ಗೆಡ್ಡೆ ಬೇರೆಯದೇ ಇರಬಹುದು. ರಕ್ತದ ಇಯೊಸಿನೊಫಿಲ್ 1,000 ದಾಟಿ, ಕೈಕಾಲು ಜೋಮು, ಚರ್ಮದ ಮೇಲೆ ನೇರಳೆ ಚುಕ್ಕೆ ಬಂದರೆ ಅದು ರಕ್ತನಾಳದ ಉರಿಯೂತ ಇರಬಹುದು, ಮೂಗಿನ ವೈದ್ಯರೊಬ್ಬರಿಂದ ಆಗುವ ಕೆಲಸವಲ್ಲ. ಬಗ್ಗಿದಾಗ ಒಂದೇ ಹೊಳ್ಳೆಯಿಂದ ನೀರಿನಂಥ ಹನಿ ಬಿದ್ದರೆ, ಅದರಲ್ಲೂ ಹಿಂದೆ ಆಪರೇಷನ್ ಆಗಿರುವ ನಿಮ್ಮಂಥವರಲ್ಲಿ, ಅದು ಮೆದುಳಿನ ಸುತ್ತಲ ದ್ರವ ಇರಬಹುದು. ಕಣ್ಣು ಊದಿಕೊಂಡರೆ, ಒಂದು ಎರಡಾಗಿ ಕಂಡರೆ, ದೃಷ್ಟಿ ಮಸುಕಾದರೆ, ತಲೆನೋವಿನ ಜೊತೆ ಕುತ್ತಿಗೆ ಬಿಗಿದರೆ, ಸಕ್ಕರೆ ಕಾಯಿಲೆ ಇರುವವರ ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಮರುದಿನದವರೆಗೆ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಿ.